ಧೂಳು ಒರೆಸುವ ಸರದಿ ಯಾರದು?

ಪೋಸ್ಟ್ ಉದ್ದ ಅದ, ಪುರಸೊತ್ತು ಸಿಕ್ಕಾಗ ಓದ್ರಿ.

ಹೋದ ವಾರ ನಮ್ಮ ಶಹಾಬಜಾರಿನ ಮಕ್ಕಳು ಆಟಿಕೆ ಇಟ್ಟಿಗೆಯಲ್ಲಿ ಕಟ್ಟಿದ ಮಾದರಿಗಳ ಫೋಟೊ ಹಾಕಿದ್ದೆ. ಭಾಳ ಮಂದಿ ಮೆಚ್ಚಿದ್ರಿ, ಶೇರ್ ಮಾಡಿದ್ರಿ. ಕಮೆಂಟ್‌ನಲ್ಲಿ ಎರಡು ಪ್ರಶ್ನೆ ಮತ್ತೆ ಮತ್ತೆ ಬಂದವು. ಎಷ್ಟು ಇಟ್ಟಿಗೆ ಹಿಡಿದವು, ಎಷ್ಟು ದಿನ ಹಿಡೀತು. ಉತ್ತರ ಸರಳ: ಆರು ಸಾವಿರದ ಆಸುಪಾಸು, ಒಂದು ಬೇಸಿಗೆ ರಜೆ. ಆದರೆ ಓಣಿಯಿಂದ ಓಣಿಗೆ, ಹಾಸ್ಟೆಲಿನಿಂದ ಶಾಲೆಗೆ ತಿರುಗುವ ಈ ಸಾಮಾನನ್ನು ಸ್ವಚ್ಛ ಇಡೋರು ಯಾರು, ಹೆಂಗ ಇಡ್ತಾರ ಅಂತ ಒಬ್ಬರೂ ಕೇಳಲಿಲ್ಲ. ಆರು ತಿಂಗಳಿಂದ ಆಫೀಸು ಮುಗಿಸಿ ನಾನು ಮಾಡುತ್ತಿರುವ ಕೆಲಸ ಅದೇ. ಹಂಗಾಗಿ ಕೇಳದಿದ್ದರೂ ಹೇಳತೀನಿ.

ಮೊದಲು ಹಿನ್ನೆಲೆ. ಊರೂರು ತಿರುಗುವ ಪ್ರದರ್ಶನ ಅನ್ನೋದು ನಮ್ಮ ಕಡೆ ಹೊಸದೇನಲ್ಲ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರಿಂದ ಅದ. ನನ್ನ ವಾರಿಗೆಯವರೆಲ್ಲ ಶಾಲೆಯಿಂದ ಸಾಲು ಹಿಡಿದು ಅಲ್ಲಿಗೆ ಹೋಗಿ ಗುಂಡಿ ಒತ್ತಿ, ಚಕ್ರ ತಿರುಗಿಸಿ ಬಂದವರೇ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನವರು ಬಸ್ಸಿನಲ್ಲಿ ಮಾದರಿಗಳನ್ನು ಇಟ್ಟುಕೊಂಡು ಹಳ್ಳಿ ಶಾಲೆಗಳಿಗೆ ಹೋಗುತ್ತಾರೆ. ಮಕ್ಕಳು ವಿಜ್ಞಾನದ ಕಡೆ ಬರದಿದ್ದರೆ ವಿಜ್ಞಾನವೇ ಮಕ್ಕಳ ಕಡೆ ಹೋಗಲಿ ಅನ್ನೋ ಲೆಕ್ಕ. ನಮ್ಮ ಓಣಿಯ ಸಂಜೆ ಪಾಠದ ಮಕ್ಕಳಿಗೆ ಆ ಬಸ್ಸಿನ ಕಥೆ ಹೇಳಿದಾಗ ಒಬ್ಬ ಹುಡುಗ ಕೇಳಿದ: "ಕಾಕಾ, ಬಾಬಾಸಾಹೇಬರ ಬಸ್ಸು ಯಾಕಿಲ್ಲ?" ಬಸ್ಸಿಗೆ ರೊಕ್ಕ ಎಲ್ಲಿಂದ ತರೋದು. ಟಂಟಂ ಮಾಡಿದೆವು.

ಇಟ್ಟಿಗೆ ಬಂದದ್ದು ಎರಡು ಕಡೆಯಿಂದ. ಬೆಂಗಳೂರಿನಲ್ಲಿರುವ ಗೆಳೆಯರೊಬ್ಬರು ತಮ್ಮ ಮಗ ದೊಡ್ಡವನಾದ ಮೇಲೆ ಅಟ್ಟದ ಮೇಲೆ ಬಿದ್ದಿದ್ದ ಎರಡು ಚೀಲ ಲೆಗೊ ಕಳಿಸಿದರು. ಉಳಿದದ್ದು ಸೂಪರ್ ಮಾರ್ಕೆಟ್‌ನ ಆಟಿಕೆ ಅಂಗಡಿಯ ಅಗ್ಗದ ಮಾಲು. ಲೆಗೊ ಡೆನ್ಮಾರ್ಕಿನ ಬಿಲ್ಲುಂಡ್ ಅನ್ನೋ ಸಣ್ಣ ಊರಿನದು. 1932ರಲ್ಲಿ ಒಬ್ಬ ಬಡಿಗೇರ ಕಟ್ಟಿಗೆ ಆಟಿಕೆ ಮಾಡಲು ಶುರುಮಾಡಿದ ಅಂಗಡಿ ಅದು. ಈಗ ನಾವು ನೋಡುವ, ಒಂದಕ್ಕೊಂದು ಕಚ್ಚಿಕೊಳ್ಳುವ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಎಂಟು ಗುಬುಟಿನ, ಒಂದೇ ಬಣ್ಣದ ಆರು ಇಟ್ಟಿಗೆ ಕೊಟ್ಟರೆ 91 ಕೋಟಿಗೂ ಹೆಚ್ಚು ಥರ ಜೋಡಿಸಬಹುದಂತೆ. ನಮ್ಮ ಹುಡುಗರು ಈ ಲೆಕ್ಕ ಕೇಳಿ ನಕ್ಕರು, ಆಮೇಲೆ ಒಂದು ಸಂಜೆ ಪೂರ್ತಿ ಆರೇ ಇಟ್ಟಿಗೆ ಹಿಡಿದು ಕೂತರು. ಅಗ್ಗದ ಇಟ್ಟಿಗೆ ಅಷ್ಟು ಗಟ್ಟಿಯಾಗಿ ಕಚ್ಚೋದಿಲ್ಲ. ಅದನ್ನು ಒಳಗೆ, ತಳಕ್ಕೆ ಹಾಕಿದೆವು. ಗಟ್ಟಿ ಮಾಲು ಮೇಲೆ ಕಾಣುತ್ತದೆ, ಭಾರ ಹೊರೋದು ಸಡಿಲ ಮಾಲು. ಇದರ ಮೇಲೆ ಕಮೆಂಟ್ ಮಾಡಬ್ಯಾಡ್ರಿ, ನನಗೂ ಹೊಳದದ.

ಮಾದರಿಗಳು ಆರು. ಮಹಾಡದ ಚವದಾರ ಕೆರೆ. ಮುಂಬೈಯ ದಾದರಿನಲ್ಲಿ ಬಾಬಾಸಾಹೇಬರು ಪುಸ್ತಕಗಳ ಸಲುವಾಗಿಯೇ ಅನ್ನುವಂತೆ ಕಟ್ಟಿಸಿದ ರಾಜಗೃಹ. ನಾಗಪುರದ ದೀಕ್ಷಾಭೂಮಿ. ನಮ್ಮ ಕಲಬುರಗಿಯ, 2009ರಲ್ಲಿ ಉದ್ಘಾಟನೆ ಆದ ಬುದ್ಧ ವಿಹಾರ. ಭೀಮಾ ದಂಡೆಯ ಸನ್ನತಿ ಹತ್ತಿರದ ಕನಗನಹಳ್ಳಿ ಸ್ತೂಪ. ಆರನೆಯದು ಒಂದು ಮ್ಯಾನ್‌ಹೋಲ್. ಹತ್ತನೇ ತರಗತಿಯ ಹುಡುಗ ಕಟ್ಟಿದ್ದು. ರಸ್ತೆ, ತೆರೆದ ಮುಚ್ಚಳ, ಪಕ್ಕಕ್ಕೆ ಸಕ್ಕಿಂಗ್ ಯಂತ್ರದ ಗಾಡಿ. ಒಳಗೆ ಮನುಷ್ಯ ಇಲ್ಲ. "ಒಳಗ ಗೊಂಬಿ ಇಡೋದು ಕಾನೂನು ಪ್ರಕಾರ ಅಪರಾಧ" ಅಂತ ಅವನೇ ಒಂದು ಚೀಟಿ ಅಂಟಿಸಿದ್ದಾನೆ. 2013ರ ಕಾಯ್ದೆ ಓದಿದ ಹುಡುಗ. ಆ ಚೀಟಿ ಮುಂದೆ ನಿಂತು ದೊಡ್ಡವರು ಸುಮ್ಮನಾಗೋದನ್ನು ನಾನು ನೋಡಿದ್ದೇನೆ.

ಈಗ ಧೂಳಿನ ವಿಷಯ. ನಮ್ಮೂರ ಧೂಳು ನಿಮಗೆ ಗೊತ್ತಲ್ಲ. ಎರಿ ಮಣ್ಣಿನ ಕರಿ ಧೂಳು, ಪರಸಿ ಕಲ್ಲು ಕೊಯ್ಯೋ ಕಡೆಯ ಬಿಳಿ ಧೂಳು, ಬೇಳೆ ಮಿಲ್ಲಿನ ಕಡೆ ಹೋದರೆ ತೊಗರಿ ಹೊಟ್ಟಿನ ಹಳದಿ ಧೂಳು. ಮೂರೂ ಪ್ಲಾಸ್ಟಿಕ್ ಇಟ್ಟಿಗೆ ಅಂದ್ರೆ ಓಡಿ ಬರ್ತಾವ. ಇದಕ್ಕೆ ಕಾರಣ ಅದ. ಈ ಇಟ್ಟಿಗೆ ಎಬಿಎಸ್ ಅನ್ನೋ ಪ್ಲಾಸ್ಟಿಕ್. ತಿಕ್ಕಿದರೆ ಅದರ ಮೈಮೇಲೆ ವಿದ್ಯುದಂಶ ಕೂಡುತ್ತದೆ, ಕೂದಲಿಗೆ ಬಾಚಣಿಕೆ ಉಜ್ಜಿ ಕಾಗದದ ಚೂರು ಎತ್ತುವ ಆಟ ಆಡಿದ್ದೀರಲ್ಲ, ಹಂಗ. ಒಣ ಬಟ್ಟೆಯಿಂದ ಗಸಗಸ ಒರೆಸಿದರೆ ಒರೆಸಿದ ಹೊತ್ತಿಗೆ ಚಂದ ಕಾಣುತ್ತದೆ, ಸಂಜೆಗೆ ಮೊದಲಿಗಿಂತ ಹೆಚ್ಚು ಧೂಳು. ಗಾಳಿ ಒಣಗಿದ ಬೇಸಿಗೆಯಲ್ಲಿ ಅಂತೂ ಕೇಳಲೇಬ್ಯಾಡ್ರಿ.

ದೀಕ್ಷಾಭೂಮಿಯೇ ಎಲ್ಲಕ್ಕಿಂತ ಕಷ್ಟ. ಚೌಕ ಇಟ್ಟಿಗೆಯಲ್ಲಿ ಗುಮ್ಮಟ ಕಟ್ಟಿದರೆ ಅದು ನಿಜಕ್ಕೂ ಗುಮ್ಮಟ ಆಗೋದಿಲ್ಲ, ದೂರದಿಂದ ದುಂಡಗೆ ಕಾಣುವ ಮೆಟ್ಟಿಲು ಆಗುತ್ತದೆ. ಒಂದೊಂದು ಮೆಟ್ಟಿಲೂ ಧೂಳು ಕೂಡಲು ಒಂದು ಕಟ್ಟೆ. ಒಂದೊಂದು ಮೆಟ್ಟಿಲ ಮೇಲೂ ಗುಬುಟುಗಳ ಸಾಲು, ಗುಬುಟುಗಳ ನಡುವೆ ಸಂದಿ. ಬಟ್ಟೆ ಅಲ್ಲಿಗೆ ಇಳಿಯೋದಿಲ್ಲ. ಅದಕ್ಕೆ ಮೆತ್ತನೆಯ ಕೂದಲಿನ, ಚಿತ್ರ ಬರೆಯುವ ಬ್ರಷ್ ಬೇಕು. ಅಗಲ ಜಾಗಕ್ಕೆ ಒಂದು ಇಂಚಿನದು, ಸಂದಿಗೆ ಸಣ್ಣದು. ಮೇಲಿನಿಂದ ಕೆಳಗೆ ಬರಬೇಕು. ಎಬ್ಬಿಸಿದ ಧೂಳು ಮತ್ತೊಂದು ಕಡೆ ಕೂಡದ ಹಾಗೆ ಎಡಗೈಯಲ್ಲಿ ಸಣ್ಣ ವ್ಯಾಕ್ಯೂಮಿನ ಬಾಯಿ ಹಿಡಿಯಬೇಕು, ಆ ಬಾಯಿಗೆ ಹಳೇ ಸೊಳ್ಳೆ ಪರದೆಯ ತುಂಡು ಕಟ್ಟಬೇಕು. ಪರದೆ ಯಾಕಂದ್ರೆ, ಕಿತ್ತು ಬಂದ ಸಣ್ಣ ತುಣುಕು ಯಂತ್ರದ ಹೊಟ್ಟೆ ಸೇರಬಾರದು. ರಾಜಗೃಹದ ಕಿಟಕಿಯ ಒಳಗೆ ಬ್ರಷ್ಷೂ ಹೋಗೋದಿಲ್ಲ. ಅಲ್ಲಿಗೆ ಫೋಟೊ ಸ್ಟುಡಿಯೊದವರು ಲೆನ್ಸಿಗೆ ಗಾಳಿ ಊದುವ ರಬ್ಬರ್ ಬುರುಡೆ. ಬಾಯಿಂದ ಊದಬಾರದು, ಉಗುಳು ಹಾರುತ್ತದೆ. ಈ ಒಂದು ನಿಯಮ ಮಕ್ಕಳಿಗೆ ಕಲಿಸಲು ನನಗೆ ಒಂದು ತಿಂಗಳು ಬೇಕಾಯಿತು.

ನೀರಿನ ಕೆಲಸ ಬೇರೆ. ಕಟ್ಟಿ ನಿಂತ ಮಾದರಿಗೆ ನೀರು ಹಾಕಬಾರದು. ಇಟ್ಟಿಗೆ ಇಟ್ಟಿಗೆಯ ನಡುವೆ ಇಳಿದ ನೀರು ಬೇಗ ಆರೋದಿಲ್ಲ. ನಮ್ಮ ಬೋರಿನ ನೀರು ಗಡಸು, ಆರಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಜಿಡ್ಡು ಹತ್ತಿದ ಭಾಗವನ್ನು ಬಿಚ್ಚಿ, ಉಗುರುಬೆಚ್ಚನೆಯ ನೀರಿಗೆ ಒಂಚೂರು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕೈಯಿಂದ ತೊಳೆಯಬೇಕು. ಲೆಗೊ ಕಂಪನಿಯವರೇ ಹೇಳುವ ಲೆಕ್ಕ 40 ಡಿಗ್ರಿಗಿಂತ ಬಿಸಿ ಬೇಡ ಅಂತ. ಆಮೇಲೆ ಫಿಲ್ಟರ್ ನೀರಲ್ಲಿ ಒಂದು ಸಲ ಜಾಲಿಸಿ, ಟವೆಲ್ ಮೇಲೆ ಹರಡಿ, ಫ್ಯಾನಿನ ಕೆಳಗೆ ಆರಿಸೋದು. ವಾಷಿಂಗ್ ಮೆಷಿನ್, ಹೇರ್ ಡ್ರೈಯರ್ ಎರಡೂ ಬ್ಯಾಡ. ಬಿಸಿಲಲ್ಲಿ ಇಡೋದಂತೂ ಬ್ಯಾಡವೇ ಬ್ಯಾಡ. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ತಗಡಿನ ಮೇಲೆ ಇಟ್ಟ ಪ್ಲಾಸ್ಟಿಕ್ಕಿನ ಗತಿ ಏನಾಗುತ್ತದೆ ಅಂತ ಹೇಳಬೇಕೇನು. ಬಾಗದಿದ್ದರೂ ಬಣ್ಣ ಕೆಡುತ್ತದೆ. ಗೆಳೆಯರು ಕಳಿಸಿದ ಚೀಲದಲ್ಲಿ ಬಿಳಿ ಇಟ್ಟಿಗೆಗಳು ಹಳದಿ ತಿರುಗಿದ್ದವು, ಕಿಟಕಿ ಪಕ್ಕ ವರ್ಷಗಟ್ಟಲೆ ಇದ್ದವಂತೆ. ತಿಕ್ಕಿದರೆ ಅದು ಹೋಗೋದಿಲ್ಲ, ಯಾಕಂದ್ರೆ ಅದು ಕೊಳೆಯಲ್ಲ. ಬಿಸಿಲಿಗೆ ಪ್ಲಾಸ್ಟಿಕ್ಕೇ ಬದಲಾಗಿರುತ್ತದೆ. ಒಬ್ಬ ಹುಡುಗಿ ಅವ್ವನ ನೇಲ್ ಪಾಲಿಶ್ ತೆಗೆಯುವ ದ್ರಾವಣ ತಂದಿದ್ದಳು. ಅದರಲ್ಲಿ ಅಸಿಟೋನ್ ಇರುತ್ತದೆ, ಅದು ಎಬಿಎಸ್ ಅನ್ನೇ ಕರಗಿಸುತ್ತದೆ. ಒಂದು ಮುರುಕು ಇಟ್ಟಿಗೆ ಮೇಲೆ ಹಾಕಿ ತೋರಿಸಿದೆ. ಇಟ್ಟಿಗೆ ಮೈ ಮಂಕಾಗಿ ಅಂಟಂಟಾಯಿತು. ಆವತ್ತಿನ ವಿಜ್ಞಾನ ಪಾಠ ಅದೇ ಆಯಿತು. ಹಳದಿ ಇಟ್ಟಿಗೆಗಳನ್ನು ಕನಗನಹಳ್ಳಿ ಸ್ತೂಪಕ್ಕೆ ಹಾಕಿದೆವು. ಹಳೇ ಕಲ್ಲಿನಂತೆ ಕಾಣಿಸುತ್ತದೆ, ಚಂದ ಅದ.

ಆ ಸ್ತೂಪದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡತೀನಿ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಆಗ, ಮೂರ್ತಿ ನಿಲ್ಲಿಸಲು ಬಳಸಿದ್ದ ಚಪ್ಪಡಿ ಅಶೋಕನ ಶಾಸನ ಅಂತ ಗೊತ್ತಾಯಿತು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಮಹಾಸ್ತೂಪ ಸಿಕ್ಕಿತು, 'ರಾಯೋ ಅಸೋಕೋ' ಅಂತ ಹೆಸರು ಕೊರೆದ ಅಶೋಕನ ಶಿಲ್ಪವೂ ಸಿಕ್ಕಿತು. ಎರಡು ಸಾವಿರ ವರ್ಷದ ಕಲ್ಲುಗಳು. ಕಟ್ಟಿದ ರಾಜರ ಹೆಸರು ನಮಗೆ ಗೊತ್ತು. ದಿನಾ ಆ ಪ್ರದಕ್ಷಿಣೆ ಪಥ ಗುಡಿಸಿದವರು ಇದ್ದೇ ಇದ್ದಿರಬೇಕಲ್ಲ. ಮಕ್ಕಳ ಮಾದರಿಯಲ್ಲಿ ಅದಕ್ಕೇ ಒಂದು ಗೊಂಬಿ ಕೈಗೆ ಪೊರಕೆ ಕೊಟ್ಟಾರ.

ಸಾಗಿಸುವಾಗ ಇನ್ನೊಂದು ತಲೆನೋವು. ಅಮೆರಿಕದಲ್ಲಿ ನೇಥನ್ ಸವಾಯ ಅಂತ ಒಬ್ಬ ಕಲಾವಿದ ಇದ್ದಾನೆ, ಮೊದಲು ವಕೀಲ. 2007ರಿಂದ ಅವನ ಲೆಗೊ ಶಿಲ್ಪಗಳು ದೇಶ ದೇಶ ತಿರುಗುತ್ತಿವೆ. ಅವನ ಒಂದು ಡೈನೊಸಾರ್‌ಗೇ 80,020 ಇಟ್ಟಿಗೆ. ಅವನು ಒಂದೊಂದು ಇಟ್ಟಿಗೆಗೂ ಅಂಟು ಹಚ್ಚಿ ಕೂಡಿಸುತ್ತಾನೆ, ಹಾಗಾಗಿ ಹಡಗು ಹತ್ತಿ ಇಳಿದರೂ ಬಿಚ್ಚಿಕೊಳ್ಳೋದಿಲ್ಲ. ನಾವು ಅಂಟು ಹಚ್ಚಿಲ್ಲ. ಹಚ್ಚಿದರೆ ಇಟ್ಟಿಗೆ ಮತ್ತೆ ಆಟಕ್ಕೆ ಬರೋದಿಲ್ಲ, ನಾಳೆ ಬೇರೆ ಮಕ್ಕಳು ಬೇರೆ ಏನೋ ಕಟ್ಟಬೇಕು. ಹಾಗಾಗಿ ಟೊಮೆಟೊ ಕ್ರೇಟಿನಲ್ಲಿ ಕೆಳಗೊಂದು ಕೌದಿ, ಸುತ್ತಲೂ ಹಳೇ ಸೀರೆ, ಮೇಲೊಂದು ಕೌದಿ. ಬಬಲ್ ಶೀಟ್ ಕೂಡ ಕೊಂಡು ನೋಡಿದೆವು, ಮಕ್ಕಳು ಒಂದೇ ದಿನಕ್ಕೆ ಪಟಪಟ ಒಡೆದು ಮುಗಿಸಿದರು. ಕೌದಿಯೇ ಗಟ್ಟಿ.

ನಾನು ಗುಮಾಸ್ತ. ರಿಜಿಸ್ಟರ್ ಇಲ್ಲದೆ ನನಗೆ ನಿದ್ದೆ ಬರೋದಿಲ್ಲ. ಪ್ರತಿ ಮಾದರಿಗೂ ಒಂದು ಸ್ಥಿತಿ ಪತ್ರ ಮಾಡಿದ್ದೇನೆ. ಹೊರಡುವಾಗ ನಾಲ್ಕು ಕಡೆಯಿಂದ ಫೋಟೊ, ಇಳಿಸಿದ ಮೇಲೆ ನಾಲ್ಕು ಫೋಟೊ. ಏನು ಕಳಚಿತು, ಏನು ಕಳೆಯಿತು, ಯಾವ ದಿನ ಯಾರು ಸ್ವಚ್ಛ ಮಾಡಿದರು, ಯಾವ ಬ್ರಷ್ಷಿನಿಂದ. ದೊಡ್ಡ ಮ್ಯೂಸಿಯಂಗಳಲ್ಲೂ ಹೀಗೆಯೇ ಬರೆಯುತ್ತಾರೆ, ಒಂದು ಚಿತ್ರ ಒಂದು ಊರಿನಿಂದ ಇನ್ನೊಂದು ಊರಿಗೆ ಹೋದರೆ ಸಹಿ ಇಲ್ಲದೆ ಪೆಟ್ಟಿಗೆ ತೆರೆಯೋದಿಲ್ಲ. ಅಲ್ಲಿ ಬ್ರಷ್ ಹಿಡಿದವರಿಗೆ ಕನ್ಸರ್ವೇಟರ್ ಅಂತ ಹುದ್ದೆ, ಅದಕ್ಕೆ ಎಂ.ಎ. ಪದವಿ, ಕೈಗೆ ಗವಸು, ಮರ್ಯಾದೆ. ನಾನು ಇದನ್ನು ಓದಿದಾಗ ಸಿಟ್ಟು ಬಂತೋ ಸಂತೋಷ ಆಯಿತೋ ಹೇಳಲಾರೆ. ಧೂಳು ಒರೆಸೋದು ಓದು ಬೇಡುವ ಕೆಲಸ ಅಂತ ಜಗತ್ತು ಒಂದು ಕಡೆ ಒಪ್ಪಿಕೊಂಡಿದೆ. ಅದೇ ಕಸಬು ರಸ್ತೆಗೆ ಬಂದರೆ ಯಾವ ಜಾತಿಯವರು ಮಾಡಬೇಕು ಅಂತ ಮೊದಲೇ ಬರೆದಿಟ್ಟಿರುತ್ತದೆ.

ನಿಯಮ ಮಾಡಿದ್ದು ಹೀಗೆ. ಕಟ್ಟಿದವರು, ತೋರಿಸುವವರು, ಪ್ರದರ್ಶನ ಕರೆಸಿಕೊಂಡ ಜಾಗದವರು, ಎಲ್ಲರ ಹೆಸರೂ ಚೀಟಿ ಬರೆದು ಡಬ್ಬಿಗೆ ಹಾಕೋದು. ಬೆಳಿಗ್ಗೆ ನಾಲ್ಕು ಚೀಟಿ ಎತ್ತೋದು. ಬಂದವರು ಅರ್ಧ ತಾಸು ಬ್ರಷ್ ಹಿಡಿಯೋದು. ಮೊದಲ ವಾರವೇ ನಮ್ಮವರ ಬಣ್ಣವೂ ಬಯಲಾಯಿತು. ಚೀಟಿಯಲ್ಲಿ ಹುಡುಗರ ಹೆಸರು ಬಂದರೆ ಅವರು ಮೆಲ್ಲಗೆ ತಂಗಿಯರ ಕೈಗೆ ಬ್ರಷ್ ದಾಟಿಸುತ್ತಿದ್ದರು. ಮನೆಯಲ್ಲಿ ಒಂದು ದಿನ ಕಸಬರಿಗೆ ಮುಟ್ಟದ ಕೈಗಳು. ಜಾತಿ ವಿನಾಶದ ಹಾಡು ಜೋರಾಗಿ ಹಾಡೋ ಹುಡುಗರೇ! ರಿಜಿಸ್ಟರಿನಲ್ಲಿ ಸಹಿ ಕಾಲಂ ಇಟ್ಟ ಮೇಲೆ ಅದು ನಿಂತಿತು. ತಂಗಿ ಒರೆಸಿ ಅಣ್ಣ ಸಹಿ ಮಾಡಿದರೆ ಅಕ್ಷರ ನೋಡಿ ಗೊತ್ತಾಗುತ್ತಿತ್ತು.

ಎರಡನೇ ವಾರ ಏಳನೇ ತರಗತಿಯ ಒಬ್ಬ ಹುಡುಗಿಯ ಚೀಟಿ ಬಂತು. ಚವದಾರ ಕೆರೆ ಕಟ್ಟಿದ್ದು ಅವಳೇ. ನೀಲಿ ಇಟ್ಟಿಗೆ ಸಾಲದೆ ಬಂದಾಗ ತಳಕ್ಕೆ ಹಸಿರು ಹಾಕಿ, ಪಾಚಿ ಅಂತ ಹೇಳಿ ಎಲ್ಲರನ್ನೂ ಒಪ್ಪಿಸಿದವಳು. ಆಕೆ ಬ್ರಷ್ ತಗೊಳ್ಳಲಿಲ್ಲ.

"ನಮ್ಮವ್ವ ದಿನಾ ನಸುಕಿನಾಗ ಎದ್ದು ಊರ ಧೂಳ ಬಳೀತಾಳ. ನಾ ಬಂದು ಆಟಿಕಿ ಧೂಳ ಬಳೀಬೇಕೇನು ಕಾಕಾ? ನಾ ಕಟ್ಟತೀನಿ. ಬಳಿಯಂಗಿಲ್ಲ."

ಅವಳವ್ವ ಪೌರಕಾರ್ಮಿಕರು. ಆ ಮಾತಿಗೆ ನಾನು ತಕ್ಷಣ ಏನೂ ಹೇಳಲಿಲ್ಲ. ಸಂಜೆ ನಮ್ಮ ಗುಂಪಿನಲ್ಲಿ ದೊಡ್ಡ ಚರ್ಚೆ ಆಯಿತು. ಒಬ್ಬರು ಅಂದರು, ನಿಯಮ ಎಲ್ಲರಿಗೂ ಒಂದೇ, ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಕಾರಣ ಹೇಳತಾರ. ಇನ್ನೊಬ್ಬರು, ಶ್ರಮಕ್ಕೆ ಗೌರವ ಕೊಡೋದನ್ನು ಕಲಿಸಬೇಕು, ಅವಳು ಅವ್ವನ ಕೆಲಸಕ್ಕೆ ನಾಚಿಕೆ ಪಡಬಾರದು ಅಂದರು. ಈ ಎರಡನೇ ಮಾತು ಕೇಳೋಕೆ ಹಿತ, ಆದರೆ ಅದು ನಮ್ಮ ಬಾಯಿಗೆ ಎಲ್ಲಿಂದ ಬಂತು ಅಂತ ನೋಡಬೇಕು. ಗಾಂಧೀಜಿ ಮಲ ಬಾಚುವ ಕೆಲಸವನ್ನು ದೊಡ್ಡ ಸೇವೆ ಅಂತ ಹೊಗಳಿದಾಗ ಬಾಬಾಸಾಹೇಬರು ಅದನ್ನು ಖಂಡತುಂಡವಾಗಿ ವಿರೋಧಿಸಿದರು. ಆ ಕೆಲಸವನ್ನು ಒಂದೇ ಜನದ ತಲೆಗೆ ಕಟ್ಟಿ, ಮೇಲೆ ಹೊಗಳಿಕೆಯ ಹೂವು ಇಡೋದು ಮೋಸ ಅಂತ ಅವರ ವಾದ. ಮಹಾರರಿಗೆ ಅವರು ಹೇಳಿದ್ದೇನು? ಸತ್ತ ದನ ಹೊರೋದು ಬಿಡಿ ಅಂತ. ಹೊರೋ ಕೆಲಸ ಶ್ರೇಷ್ಠ ಅಂತ ಹೇಳಲಿಲ್ಲ. 1936ರ 'ಜಾತಿ ವಿನಾಶ'ದಲ್ಲಿ ಅವರು ತೋರಿಸಿದ್ದೂ ಇದನ್ನೇ, ಜಾತಿ ಹಂಚುವುದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಅಂತ ಹಂಚುತ್ತದೆ. ಹಂಗಿದ್ದಾಗ ಆ ಹುಡುಗಿ ಅಂದದ್ದು ನಾಚಿಕೆಯ ಮಾತು ಅಲ್ಲ. ತಲೆಮಾರುಗಳ ನಂತರ ಒಬ್ಬಳು ಒಲ್ಲೆ ಅಂದಳು, ಅಷ್ಟೇ.

ನನ್ನ ತೀರ್ಮಾನ ಹೇಳಿದೆ: ಅವಳು ಬ್ರಷ್ ಹಿಡಿಯೋದು ಬ್ಯಾಡ. ಹಿಂದಿನಿಂದ ಗುಡಿಸಿಕೊಂಡು ಬಂದವರಿಗೆ ಒಲ್ಲೆ ಅನ್ನುವ ಹಕ್ಕು ಮೊದಲು ಬರಬೇಕು. ಎಂದೂ ಗುಡಿಸದವರಿಗೆ ಚೀಟಿ. ಅವಳ ಹೆಸರನ್ನು ರಿಜಿಸ್ಟರಿಗೆ ಹಾಕಿದೆವು, ಸ್ಥಿತಿ ಪತ್ರ ಬರೆಯುವ ಕೆಲಸ. ಈಗ ನನಗಿಂತ ಚೆನ್ನಾಗಿ ಬರೆಯುತ್ತಾಳೆ. "ಸ್ತೂಪದ ಪಶ್ಚಿಮ ಬಾಗಿಲ ಬಲ ಕಂಬ ಅರ್ಧ ಗುಬುಟು ಎದ್ದಿದೆ" ಅಂತ ಬರೆದಿದ್ದಳು. ನಮ್ಮ ಕಚೇರಿಯಲ್ಲಿ ಇಷ್ಟು ಸ್ಪಷ್ಟವಾಗಿ ಒಂದು ಟಿಪ್ಪಣಿ ಬಂದರೆ ನಾನು ಸಿಹಿ ಹಂಚುತ್ತೇನೆ. ಗುಂಪಿನ ಇಬ್ಬರಿಗೆ ಈ ತೀರ್ಮಾನ ಇವತ್ತಿಗೂ ಒಪ್ಪಿಗೆ ಇಲ್ಲ, ಕಮೆಂಟಿನಲ್ಲಿ ಬಂದು ಬಯ್ಯಬಹುದು, ಬಯ್ಯಲಿ.

ಅವಳ ಮಾದರಿಯ ಬಗ್ಗೆ ಇನ್ನೊಂದು ಮಾತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಚವದಾರ ಕೆರೆಗೆ ಹೋಗಿ ನೀರು ಕುಡಿದರು. ಆ ಮೇಲೆ ಊರಿನ ಸವರ್ಣೀಯರು ಕೆರೆಯನ್ನು 'ಶುದ್ಧ' ಮಾಡಿದರು. ಹೇಗೆ? ಸಗಣಿ, ಗಂಜಳ, ಹಾಲು, ಮೊಸರು ಸುರಿದು, ಮಂತ್ರ ಹೇಳಿ. ಈ ಕಥೆ ಹೇಳಿದಾಗ ಐದನೇ ತರಗತಿಯ ಪೋರ ಕೇಳಿದ, "ಅಂದ್ರ ಹೊಲಸು ಮಾಡಿದ್ರಲ್ಲ ಕಾಕಾ?" ಅವನು ಆವತ್ತು ಬೆಳಿಗ್ಗೆಯಷ್ಟೇ ಒಂದು ನೀಲಿ ಇಟ್ಟಿಗೆಯಿಂದ ಬಿಳಿ ಕಲೆ ತೆಗೆಯಲು ಹೆಣಗಿದ್ದ. ಕೆರೆಗೆ ಸಗಣಿ ಸುರಿದರೆ ನೀರು ಏನಾಗುತ್ತದೆ ಅಂತ ಅವನಿಗೆ ಗೊತ್ತು. ಧೂಳು ಕಣ್ಣಿಗೆ ಕಾಣುತ್ತದೆ, ಬ್ರಷ್ಷಿಗೆ ಹತ್ತುತ್ತದೆ, ತೊಳೆದರೆ ಹೋಗುತ್ತದೆ. ಮೈಲಿಗೆ ಅನ್ನೋದು ಇದ್ಯಾವುದೂ ಮಾಡೋದಿಲ್ಲ. ಎರಡಕ್ಕೂ ಒಂದೇ ಹೆಸರು ಕೊಟ್ಟು ಇಷ್ಟು ಶತಮಾನ ದಾಟಿಸಿದ್ದಾರೆ.

ಹುಡುಗಿಯ ಅವ್ವ ಶಹಾಬಜಾರಿನ ಪ್ರದರ್ಶನಕ್ಕೆ ಮಧ್ಯಾಹ್ನ ಕೆಲಸ ಮುಗಿಸಿ ಬಂದಿದ್ದರು. ಮಗಳು ಕಟ್ಟಿದ ಕೆರೆಯನ್ನು ಸುತ್ತು ಹಾಕಿ ನೋಡಿದರು. ಆಮೇಲೆ ಬಗ್ಗಿ ಟೇಬಲ್ಲಿನ ಕೆಳಗೆ ನೋಡಿದರು. "ಅಣ್ಣಾ, ಮ್ಯಾಲ ಎಷ್ಟು ಒರೆಸಿದ್ರೂ ಏನಾಗ್ತದ್ರಿ, ಕೆಳಗ ನೆಲಾ ಹಂಗೇ ಅದ. ಮಂದಿ ಅಡ್ಡಾಡಿದ್ರ ಅದೇ ಎದ್ದು ಮತ್ತ ಮ್ಯಾಲ ಕೂಡ್ತದ. ಮದಲ ನೆಲಕ್ಕ ಹಸಿ ಬಟ್ಟಿ ಹಾಕ್ರಿ." ಅಷ್ಟು ದಿನ ನಾವು ಯಾರೂ ಕೆಳಗೆ ನೋಡಿರಲಿಲ್ಲ. ಅವತ್ತಿನಿಂದ ಮೊದಲು ನೆಲ, ಆಮೇಲೆ ಟೇಬಲ್, ಕೊನೆಗೆ ಮಾದರಿ. ಧೂಳು ನಿಜಕ್ಕೂ ಅರ್ಧ ಆಯಿತು. ಅವರು ಹೋಗುವಾಗ ಕೇಳಿದ್ದು ಇಟ್ಟಿಗೆಯ ರೇಟು. ಹೇಳಿದೆ. "ಅಯ್ಯ, ಇಷ್ಟರಾಗ ಖರೇ ಇಟ್ಟಂಗಿ ಬರ್ತಾವಲ್ರಿ" ಅಂದರು.

ಈಗ ಶಾಲೆಯ ವಿಷಯ. ಹೆಸರು ಹೇಳೋದಿಲ್ಲ, ಕೇಳಲೂಬ್ಯಾಡ್ರಿ. ನಗರದ ಒಂದು ಖಾಸಗಿ ಶಾಲೆ ನಾಲ್ಕು ದಿನಕ್ಕೆ ಪ್ರದರ್ಶನ ಕರೆಸಿಕೊಂಡಿತು. ಒಳ್ಳೇ ಹಾಲ್, ಒಳ್ಳೇ ಟೇಬಲ್, ಚಹಾ ಬಿಸ್ಕಿಟ್. ಮೊದಲ ಎರಡು ದಿನ ನಮ್ಮ ಮಕ್ಕಳೇ ನೋಡಿಕೊಂಡರು. ಮೂರನೇ ದಿನ ಬೆಳಿಗ್ಗೆ ಆ ಶಾಲೆಯ ಮಕ್ಕಳ ಚೀಟಿಯೂ ಡಬ್ಬಿಗೆ ಹಾಕಬೇಕು ಅಂದೆ, ಮೊದಲೇ ಹೇಳಿದ್ದ ನಿಯಮ. ಮೇಡಂ ಒಬ್ಬರು ನಗುತ್ತಲೇ ಅಂದರು: "ನಮ್ಮ ಮಕ್ಕಳು ನೋಡ್ತಾರ್ರಿ ಸರ. ಒರೆಸೋದು ನಿಮ್ಮ ಮಕ್ಕಳೇ ಮಾಡ್ಲಿ, ಅವರಿಗೆ ರೂಢಿ ಇರ್ತದಲ್ಲ."

ಸಿಟ್ಟಿಲ್ಲ, ಬೈಗುಳ ಇಲ್ಲ, ಜಾತಿಯ ಹೆಸರಿಲ್ಲ. ಕೈಯಲ್ಲಿ ನನಗಾಗಿ ತಂದ ಚಹಾದ ಕಪ್ಪು. ಈ ಥರದ ಮಾತಿಗೆ ಯಾವ ಠಾಣೆಯಲ್ಲಿ ದೂರು ಕೊಡ್ತೀರಿ? ನಮ್ಮ ಮಕ್ಕಳು ಕೇಳಿಸಿಕೊಂಡರು. ಸುಮ್ಮನೆ ನನ್ನ ಮುಖ ನೋಡಿದರು. ನಾನು ಅಂದೆ, "ಹಂಗಾದ್ರ ಇವತ್ತ ಯಾರೂ ಒರೆಸಂಗಿಲ್ರಿ ಮೇಡಂ. ಧೂಳು ಇರ್ಲಿ."

ರಿಜಿಸ್ಟರ್ ಹುಡುಗಿ ಒಂದು ಡ್ರಾಯಿಂಗ್ ಶೀಟ್ ತಗೊಂಡು ದಪ್ಪಗೆ ಬರೆದಳು: "ಈ ದಿನ ಮಾದರಿಗಳನ್ನು ಸ್ವಚ್ಛ ಮಾಡಿಲ್ಲ. ಕಾರಣ: ಈ ಶಾಲೆಯವರು ಸರದಿ ಚೀಟಿ ಹಾಕಲು ಒಪ್ಪಿಲ್ಲ." ಕೆಳಗೆ ದಿನಾಂಕ, ಸಮಯ, ತನ್ನ ಸಹಿ. ಬಾಗಿಲಲ್ಲಿ ಅಂಟಿಸಿದಳು. ನಾನು ಹೇಳಿಕೊಟ್ಟದ್ದಲ್ಲ.

ತರಗತಿ ತರಗತಿಯಾಗಿ ಬಂದ ಮಕ್ಕಳೆಲ್ಲ ಮೊದಲು ಆ ಹಾಳೆ ಓದಿದರು. ಚೀಟಿ ಅಂದ್ರೇನು, ಯಾಕೆ ಒಪ್ಪಿಲ್ಲ, ಒರೆಸಿದರೆ ಏನಾಗುತ್ತೆ. ನಮ್ಮ ಮಕ್ಕಳು ಉತ್ತರ ಹೇಳಿ ಹೇಳಿ ಸುಸ್ತಾದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಶಾಲೆಯ ಎಂಟನೆಯದೋ ಒಂಬತ್ತನೆಯದೋ ತರಗತಿಯ ಹುಡುಗ ಒಬ್ಬನೇ ಬಂದ. ತನ್ನ ಹೆಸರನ್ನು ನೋಟ್‌ಬುಕ್ಕಿನ ಹಾಳೆ ಹರಿದು ಬರೆದು ಡಬ್ಬಿಗೆ ಹಾಕಿದ. ಡಬ್ಬಿಯಲ್ಲಿ ಅದೊಂದೇ ಚೀಟಿ, ಹಾಗಾಗಿ ಎತ್ತಿದಾಗ ಅದೇ ಬಂತು. ಬ್ರಷ್ ಹಿಡಿಯೋದು ಹೇಗೆ ಅಂತ ಕೇಳಿ ಬುದ್ಧ ವಿಹಾರದ ಗುಮ್ಮಟ ಅರ್ಧ ಸ್ವಚ್ಛ ಮಾಡಿದ, ಗಂಟೆ ಹೊಡೆದಾಗ ಓಡಿಹೋದ. ಸಂಜೆ ನಮಗೆ ಹೇಳಿಕೆ ಬಂತು, ನಾಳೆ ಹಾಲ್ ಬೇರೆ ಕಾರ್ಯಕ್ರಮಕ್ಕೆ ಬೇಕಾಗಿದೆ, ಇವತ್ತೇ ಕಟ್ಟಿಕೊಂಡು ಹೋಗಿ ಅಂತ. ಕಟ್ಟಿಕೊಂಡು ಬಂದೆವು. ಸ್ಥಿತಿ ಪತ್ರದಲ್ಲಿ ಹುಡುಗಿ ಬರೆದದ್ದು: "ಗುಮ್ಮಟ ಅರ್ಧ ಸ್ವಚ್ಛ. ಉಳಿದ ಐದು ಮಾದರಿ ಧೂಳು ಸಮೇತ ವಾಪಸ್."

ಮನೆಗೆ ಬಂದ ಮೇಲೆ ನೆನಪಾದದ್ದು 2024ರ ಸಂವಿಧಾನ ಜಾಗೃತಿ ಜಾಥಾ. ಆ ವರ್ಷ ಜನವರಿ 26ಕ್ಕೆ ಶುರುವಾಗಿ ರಾಜ್ಯದ ತುಂಬಾ ಸ್ತಬ್ಧಚಿತ್ರದ ವಾಹನಗಳು ಗ್ರಾಮ ಪಂಚಾಯಿತಿಗಳಿಗೆ ತಿರುಗಿದವು. ನಮ್ಮ ಭಾಗದ ಒಂದು ಹಳ್ಳಿಯಲ್ಲಿ ನಾನು ಬೆಳಿಗ್ಗೆ ಬೇಗ ಹೋಗಿದ್ದೆ. ಕುಂಭ, ಡೊಳ್ಳು, ಹಾರ ಹಿಡಿದವರು ಇನ್ನೂ ಬಂದಿರಲಿಲ್ಲ. ಡ್ರೈವರ್ ಅಣ್ಣ ತನ್ನ ಹೆಗಲ ಟವೆಲ್ ಒದ್ದೆ ಮಾಡಿಕೊಂಡು ಬಾಬಾಸಾಹೇಬರ ಮೂರ್ತಿಯ ಕನ್ನಡಕ ಒರೆಸುತ್ತಿದ್ದ. ರಾತ್ರಿಯೆಲ್ಲ ಕಚ್ಚಾ ರಸ್ತೆ. "ಸಾಹೇಬ್ರ ಕಣ್ಣಿಗಿ ಧೂಳ ಬಿದ್ರ ಹೆಂಗ್ರಿ" ಅಂದ. ಆಮೇಲೆ ಎಲ್ಲರೂ ಬಂದರು, ಭಾಷಣ ಆದವು, ಫೋಟೊ ಆದವು. ಆ ಅಣ್ಣನ ಫೋಟೊ ನಾನೂ ತೆಗೆಯಲಿಲ್ಲ, ಮೊಬೈಲ್ ಚಾರ್ಜ್ ಇರಲಿಲ್ಲ. ಅವನು ಯಾವ ಊರವನೋ ಏನೋ, ಇದನ್ನು ಓದಿದರೆ ಜೈ ಭೀಮ್ ಅಣ್ಣಾ.

ಈಗ ಪ್ರದರ್ಶನ ಕಮಲಾಪುರದಲ್ಲಿ ಅದ, ಒಂದು ಹಾಸ್ಟೆಲಿನ ಊಟದ ಹಾಲಿನಲ್ಲಿ. ಹುಮನಾಬಾದ್ ರಸ್ತೆ ಹಿಡಿದು, ಮಹಾಗಾಂವ ಕ್ರಾಸ್ ದಾಟಿ ಟಂಟಂನಲ್ಲಿ ಹೋದೆವು. ರಾಜಗೃಹದ ಮೇಲ್ಮಹಡಿ ಮಾತ್ರ ಕಳಚಿತ್ತು, ಹತ್ತು ನಿಮಿಷದಲ್ಲಿ ಕೂಡಿಸಿದರು. ಕಮಲಾಪುರ ಅಂದ್ರೆ ಕೆಂಪು ಬಾಳೆಹಣ್ಣು. ಹಾಸ್ಟೆಲ್ ಹುಡುಗರು ನಮಗೆ ತಿನ್ನಲು ಕೊಟ್ಟರು, ತಾವೂ ತಿಂದರು, ತಿಂದ ಕೈಯಲ್ಲೇ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಹಾಕಿ ನೋಡಿದರು. ಬಾಳೆಹಣ್ಣಿನ ಅಂಟು, ಅದರ ಮೇಲೆ ಎರಿ ಧೂಳು. ಅದನ್ನು ಬಿಚ್ಚಿ ಬೆಚ್ಚನೆ ನೀರಲ್ಲಿ ನೆನೆ ಹಾಕಿದ್ದೇವೆ. ಇಲ್ಲಿ ಚೀಟಿಗೆ ಯಾರೂ ಬ್ಯಾಡ ಅಂದಿಲ್ಲ, ವಾರ್ಡನ್ ಸರ್ ತಮ್ಮ ಹೆಸರೂ ಹಾಕಿದ್ದಾರೆ, ಅದು ಇನ್ನೂ ಬಂದಿಲ್ಲ. ಹುಡುಗರು ಕಾಯ್ತಿದ್ದಾರ.

ಭಾನುವಾರದವರೆಗೆ ಇರ್ತೀವಿ. ಬರೋರು ಹಳೇ ಟೂತ್‌ಬ್ರಷ್ ತರಬ್ಯಾಡ್ರಿ, ಅದರ ಕೂದಲು ಬಿರುಸು, ಗೀರು ಬೀಳತಾವ. ಒಂದು ಇಂಚಿನ ಮೆತ್ತನ ಪೇಂಟ್ ಬ್ರಷ್ ಇದ್ದರೆ ತರ್ರಿ, ನೆಲಕ್ಕೆ ಹಾಕಲು ಹಳೇ ಹತ್ತಿ ಬಟ್ಟೆಯೂ ಬೇಕು. ನೀಲಿ ಇಟ್ಟಿಗೆ ಯಾರ ಮನೆಯಲ್ಲಾದರೂ ಬಿದ್ದಿದ್ದರೆ ಹೇಳ್ರಿ, ಕೆರೆಯ ತಳ ಇನ್ನೂ ಹಸಿರೇ ಅದ. ಚೀಟಿ ಡಬ್ಬಿ ಬಾಗಿಲಲ್ಲೇ ಇರ್ತದ, ಹೆಸರು ಬರೆದು ಹಾಕಿ ಒಳಗ ಬರ್ರಿ.

ಜೈ ಭೀಮ್.